ಸೈಲೆನ್ಸರ್ ಬಿಚ್ಚಿದ ಭಾನುವಾರ

ತಿಕೋಟಾದ ದ್ರಾಕ್ಷಿ ತೋಟವೊಂದರ ಶೆಡ್ಡಿನಲ್ಲಿ, ಕ್ರೇಟುಗಳ ಹಿಂದೆ ನಿಂತಿದ್ದ ಯೆಜ್ದಿ ರೋಡ್‌ಕಿಂಗ್ ನೋಡಿದ ಕೂಡಲೇ ಸೋತುಬಿಟ್ಟೆ. ಬೆಂಗಳೂರಿನಲ್ಲಿ ಕೋಡ್ ಬರೆಯೋನಿಗೆ ಹಳೇ ಬೈಕ್ ಯಾಕೆ ಅಂತ ಕೇಳಬೇಡಿ. ನಾನು ಚಿಕ್ಕವನಿದ್ದಾಗ ಅಪ್ಪ ಇಂಥದ್ದೇ ಒಂದನ್ನು ಮಾರಿ ಬೋರ್‌ವೆಲ್ ಹಾಕಿಸಿದ್ದರು. ನೀರು ಬೀಳಲಿಲ್ಲ.

ವಿಜಯಪುರಕ್ಕೆ ಸುಮಾರು 20 ಕಿಲೋಮೀಟರ್. ಗೋಳಗುಮ್ಮಟದ ಗುಂಬಜ್ ದೂರದಿಂದಲೇ ಕಂಡರೂ ಬೈಕ್ ಮಾತ್ರ ಮುಂದೆ ಎಳೆಯದು. ಇದು ಟೂ-ಸ್ಟ್ರೋಕ್ ಎಂಜಿನ್. ಪೆಟ್ರೋಲ್ ಜೊತೆ ಆಯಿಲ್ಲೂ ಉರಿಯುತ್ತೆ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ವರ್ಷಗಳ ಮಸಿ ಎರಡರಲ್ಲೂ ಕಟ್ಟಿಕೊಂಡರೆ ಹೊಗೆ ಹೋಗೋದಾದರೂ ಎಲ್ಲಿಗೆ?

ಬಿಚ್ಚೋಣ ಅಂದ್ರೆ ಸಿಲಿಂಡರ್ ಬಾಯಿಯ ನಟ್ ಅಲುಗಲೇ ಇಲ್ಲ. ನಾನು ಚಾಣ, ಸುತ್ತಿಗೆ ಎತ್ತಿದೆ. ಗ್ಯಾರೇಜಿನ ಚಾಚಾ ಕೈ ಹಿಡಿದರು: 'ಬಡಿಬ್ಯಾಡೋ ತಮ್ಮಾ. ಥ್ರೆಡ್ ಹೋದ್ರ ಎಲ್ಲಿಂದ ತರ್ತಿ?' ನಿಜ. ಇದನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದೆ.

ಚಾಚಾ ರಾತ್ರಿಯಿಡೀ ಜಾಯಿಂಟುಗಳಿಗೆ ಡೀಸೆಲ್ ಕುಡಿಸಿದರು. ಬೆಳಿಗ್ಗೆ ಅದನ್ನು ಪೂರ್ತಿ ಒರೆಸಿ, ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಟ್ಟ ಮೇಲಷ್ಟೇ ಬ್ಲೋ ಲ್ಯಾಂಪ್ ಹಚ್ಚಿದ್ದು. ಕಾಸಿ, ಹುಕ್ ಪಾನಾ ಹಾಕಿ ಒಂದೇ ಸಲ ಎಳೆಯದೆ, ತುಸು ಬಿಚ್ಚೋದು, ತುಸು ಬಿಗಿ ಮಾಡೋದು, ಮತ್ತೆ ಬಿಚ್ಚೋದು. ಮೂರನೇ ಸಲ ಕಾಸಿದಾಗ 'ಕಟ್' ಅಂತು. ಎದೆ ಧಸಕ್ಕೆಂದಿತು, ಮುರಿದಿರಲಿಲ್ಲ, ಬಿಟ್ಟಿತ್ತು! ಹಿಂದಿನ ಬೋಲ್ಟು, ಕ್ಲಾಂಪು ಸಡಿಲಿಸಿ, ಸೈಲೆನ್ಸರನ್ನು ಅತ್ತಿತ್ತ ತಿರುಗಿಸುತ್ತಾ ಎಳೆದೆವು. ಒಳಗಿನ ತೂತಿನ ಕೊಳವೆಯಲ್ಲಿ ಡಾಂಬರಿನಂಥ ಮಸಿ. ತಂತಿ ಬ್ರಷ್ಷಿನಿಂದ ಉಜ್ಜುವಷ್ಟರಲ್ಲಿ ಮಧ್ಯಾಹ್ನದ ರೊಟ್ಟಿ ಹೊತ್ತು ಮೀರಿತ್ತು. ಆಫೀಸಿನಲ್ಲಿ ಹತ್ತು ನಿಮಿಷಕ್ಕೆ ತಾಳ್ಮೆ ಕಳಕೊಳ್ಳೋ ನಾನು ಅವತ್ತು ಫೋನನ್ನೇ ಮುಟ್ಟಲಿಲ್ಲ.

ಸಂಜೆ ಬಬಲೇಶ್ವರದ ದಾರಿ. ಈಗ ಡಗ್ ಡಗ್ ಅನ್ನೋ ಸದ್ದಿಗೆ ಉಸಿರಿತ್ತು. ಓಣಿ ಹೊಕ್ಕ ಕೂಡಲೇ ಅಪ್ಪ ಕಟ್ಟೆ ಮೇಲಿಂದ ಎದ್ದು ನಿಂತರು. ಇನ್ನೂ ಬೈಕ್ ಕಂಡಿರಲಿಲ್ಲ, ಸದ್ದಷ್ಟೇ ಕೇಳಿತ್ತು. ಹತ್ತಿರ ಬಂದು ಎರಡೂ ಸೈಲೆನ್ಸರ್ ಹಿಂದೆ ಅಂಗೈ ಒಡ್ಡಿ ಹೊಗೆ ನೋಡಿದರು.

'ಎರಡೂ ಕಡೆ ಸಮಾ ಐತಿ' ಅಂದರು. ಮೊಣಕಾಲು ನೋವಿನ ನೆನಪಾಯ್ತೋ ಏನೋ, ತಡೆದು ಹೇಳಿದರು: 'ನಾಳಿ ಮುಂಜಾನೆ ಕಿಕ್ ನೀ ಹೊಡಿ. ಹ್ಯಾಂಡಲ್ ನನಗ ಕೊಡು.'