ನಮ್ಮ ಸೀಮೆಯ ಕೆಲವು ಕೌತುಕಗಳು

ಆಕಾಶದ ಸಂಗತಿಯನ್ನರಿಯಲು ಬೆಟ್ಟವನ್ನೇರುವುದು ಲೋಕರೂಢಿ. ನಮ್ಮ ಕೋಲಾರ ಸೀಮೆಯಲ್ಲಾದರೋ ಅದಕ್ಕಾಗಿ ಪಾತಾಳಕ್ಕಿಳಿದರು. 1965ರಲ್ಲಿ ಚಿನ್ನದ ಗಣಿಯೊಳಗೆ ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಭಾರತ, ಜಪಾನು, ಇಂಗ್ಲೆಂಡುಗಳ ವಿಜ್ಞಾನಿಗಳು ಯಂತ್ರಗಳನ್ನಿರಿಸಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣದ ಕುರುಹನ್ನು ಕಂಡರು. ಇತರ ಕಣಗಳನ್ನು ಬಹುಮಟ್ಟಿಗೆ ಮೇಲಣ ಬಂಡೆಯೇ ತಡೆದುಬಿಡುತ್ತದೆ; ಇದೊಂದು ಮಾತ್ರ ಭೂಗೋಲವನ್ನೇ ತೂರಿ ಹೋಗಬಲ್ಲುದು. ನಾವು ಇದಕ್ಕೆ ತಟಸ್ಥಕಣವೆಂದು ಹೆಸರಿಟ್ಟು ತರಗತಿಯಲ್ಲಿ ಹೇಳಿದೆವು. ಬಳಿಕ ನಮಗೇ ನಗೆ ಬಂದಿತು. ತಟದಲ್ಲಿ ನಿಂತವನು ತಟಸ್ಥ. ಈ ಕಣಕ್ಕೆ ನಿಲ್ಲುವ ಅಭ್ಯಾಸವೇ ಇಲ್ಲ!

ಮನುಷ್ಯರು ಹಾಗಲ್ಲ. ಆ ಗಣಿಗೆ ಆರ್ಕಾಟು, ಚಿತ್ತೂರುಗಳ ಕಡೆಯಿಂದ ಬಂದವರು ಇಲ್ಲಿಯೇ ನಿಂತರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಿರುವರು. 1956ರಲ್ಲಿ ಭಾಷೆಯನ್ನನುಸರಿಸಿ ರಾಜ್ಯಗಳಿಗೆ ಎಲ್ಲೆ ಕಟ್ಟಿದಾಗ ಕೋಲಾರವು ಮೈಸೂರಿನಲ್ಲಿ ಉಳಿಯಿತು. ಮುಳಬಾಗಿಲಿನಾಚೆಯ ಪಲಮನೇರು, ಶ್ರೀನಿವಾಸಪುರದಾಚೆಯ ಮದನಪಲ್ಲಿ ಆಂಧ್ರದಲ್ಲಿ ಉಳಿದವು. ಎಲ್ಲೆಯ ಎರಡು ಮಗ್ಗುಲುಗಳಲ್ಲಿಯೂ ಇಂದಿಗೂ ತೆಲುಗು ಕೇಳಬರುತ್ತದೆ. ಮಾಲೂರು ಸೀಮೆಯ ಮಾಸ್ತಿಯವರ ಮನೆಮಾತು ತಮಿಳು. 1983ರ ಜ್ಞಾನಪೀಠ ಪ್ರಶಸ್ತಿ ಸಂದುದು ಅವರ ಕನ್ನಡಕ್ಕೆ.

ಇಂತಹ ಸೀಮೆಯಲ್ಲಿ ತಾಯ್ನುಡಿ ಯಾವುದೆಂದು ಕೇಳಿದರೆ ಉತ್ತರ ಸುಲಭವಲ್ಲ. 2011ರ ಫೆಬ್ರುವರಿಯಲ್ಲಿ ನಮ್ಮ ಮನೆಗೆ ಜನಗಣತಿಗಾಗಿ ಬಂದವರು ನಮ್ಮೊಡನೆ ಪಾಠ ಹೇಳುತ್ತಿದ್ದ ಉಪಾಧ್ಯಾಯರೇ. "ತಮ್ಮನ್ನು ಕೇಳುವುದೇನಿದೆ ಮೇಷ್ಟ್ರೇ, ಕನ್ನಡ" ಎಂದು ಲೇಖನಿಯನ್ನೆತ್ತಿದರು. ನಾವು ಸುಮ್ಮನಿದ್ದೆವು. ಕನ್ನಡದಲ್ಲಿ ಬರೆದು, ಬೋಧಿಸಿ, ಕನಸನ್ನೂ ಕನ್ನಡದಲ್ಲಿಯೇ ಕಾಣುವ ನಮಗೆ ಆ ಮಾತು ಹಿತವಾಗಿಯೇ ಇದ್ದಿತು. ಅಷ್ಟರಲ್ಲಿ ಒಳಗಿನಿಂದ ನಮ್ಮ ಅಮ್ಮ, ಬಂದವರಿಗೆ ಕಾಫಿ ಕೊಡಲೇ ಎಂದು ತೆಲುಗಿನಲ್ಲಿ ಕೂಗಿ ಕೇಳಿದರು. ಅವರ ಲೇಖನಿ ನಿಂತಿತು. ಬಾಲ್ಯದಲ್ಲಿ ತಾಯಿಯು ಮಗುವಿನೊಡನೆ ಆಡಿದ ಭಾಷೆಯೇ ತಾಯ್ನುಡಿಯೆಂಬುದು ಗಣತಿಯ ನಿಯಮ. ಅಮ್ಮ ಕೇಳುವಂತಿರುವಾಗ ಸುಳ್ಳು ಬರೆಯಿಸುವುದೆಂತು? ತೆಲುಗೆಂದೆವು. ಆ ಅಕ್ಷರಗಳನ್ನು ನೋಡುವಾಗ ಏನೋ ಕಳೆದುಕೊಂಡಂತೆಯೂ ಏನೋ ಮರಳಿ ಬಂದಂತೆಯೂ ಆಯಿತು.

ತಿಳಿದ ಇತರ ಭಾಷೆಗಳು ಎರಡು ಮಾತ್ರ ಬರೆಯಬಹುದಂತೆ. ಕನ್ನಡ, ಸಂಸ್ಕೃತ ಎಂದೆವು. ಬಂಗಾರಪೇಟೆಯ ಅಂಗಡಿಗಳಲ್ಲಿ ನಮ್ಮ ಮಾನವನ್ನುಳಿಸಿದ ತಮಿಳು ಹೊರಗುಳಿಯಿತು. ಆ ವರ್ಷ ದೇಶದ ಜನರು ತಾಯ್ನುಡಿಯೆಂದು ಹೇಳಿದ ಹೆಸರುಗಳು 19,569. ಪಂಡಿತರು ಪರಿಶೀಲಿಸಿ ಅವನ್ನು 1,369ಕ್ಕೆ ಇಳಿಸಿದರು.

ಅಮ್ಮ ತೀರಿಕೊಂಡು ಐದು ವರ್ಷಗಳಾದವು. ನಮ್ಮ ಸೊಸೆ ಧಾರವಾಡದವಳು. ನಾಲ್ಕು ವರ್ಷದ ಮೊಮ್ಮಗನು ನಮ್ಮನ್ನು ತಾತನೆನ್ನದೆ ಅಜ್ಜನೆನ್ನುತ್ತಾನೆ. ಮುಂದಿನ ಗಣತಿಯಲ್ಲಿ ಅವನ ಹೆಸರಿನ ಮುಂದೆ ಕನ್ನಡವೆಂದೇ ಬರೆಯಿಸಬೇಕು; ಅದು ನಮಗೆ ಹರ್ಷವೇ. ಆದರೂ ಅವನು ಅಂಗಳದಲ್ಲಿ ಎಡವಿ ಬಿದ್ದಾಗ ನಮ್ಮ ಬಾಯಿಂದ ಹೊರಡುವುದು ಅಮ್ಮನ ತೆಲುಗು. ಅರ್ಥವಾಗದೆ ನಮ್ಮ ಮುಖವನ್ನೇ ನೋಡುತ್ತ ಅವನು ಅಳುವನ್ನು ಮರೆಯುತ್ತಾನೆ.