ಕುಮಾರಪರ್ವತದ ಕೊರಕಲು ದಾರಿ

ಕುಕ್ಕೆಯಿಂದ ಕುಮಾರಪರ್ವತಕ್ಕೆ ಹೊರಟ ದಾರಿ ಮೊದಲು ದಟ್ಟ ಕಾಡಿನೊಳಗೆ ಏರುತ್ತದೆ. ಗಿರಿಗದ್ದೆಯ ಭಟ್ಟರ ಮನೆ ದಾಟಿದ ಮೇಲೆ ಮರಗಳು ಹಿಂದೆ ಉಳಿದು, ಬೋಳು ಹುಲ್ಲುಬೆಟ್ಟದ ಏಣಿನ ಮೇಲೆ ನಡೆಯಬೇಕು. 1,712 ಮೀಟರ್ ಎತ್ತರದ ತುದಿಯ ಮೇಲೇ ಎಲ್ಲರ ಕಣ್ಣು. ಆದರೆ ಬೆಟ್ಟಕ್ಕೆ ಆಗಿರುವ ಗಾಯ ಕಾಣುವುದು ಕಾಲ ಬುಡದಲ್ಲಿ. ಒಬ್ಬರು ನಡೆಯುವಷ್ಟಿದ್ದ ಕಾಲುದಾರಿ ಕಡಿದಾದ ಏರಿನಲ್ಲಿ ಎರಡಾಗಿ, ಮೂರಾಗಿ ಕವಲೊಡೆದಿದೆ. ಹಳೆಯ ದಾರಿ ಸವೆದು ಕೊರಕಲಾಗಿದೆ. ಅದರ ಅಂಚಿನಲ್ಲಿ ಹುಲ್ಲಿನ ಬೇರುಗಳು ಹರಿದ ಸೀರೆಯ ಎಳೆಗಳಂತೆ ಜೋತಾಡುತ್ತವೆ, ತಳದಲ್ಲಿ ಬರೀ ಸಡಿಲ ಜಲ್ಲಿ. ಜಾರುತ್ತದೆಂದು ಜನ ಪಕ್ಕದ ಹುಲ್ಲು ತುಳಿಯುತ್ತಾರೆ. ಘಟ್ಟದ ಮಳೆ ಆ ಹೊಸ ದಾರಿಯನ್ನೇ ಕಾಲುವೆ ಮಾಡಿಕೊಂಡು ಹರಿಯುತ್ತದೆ.

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಈ ಬೆಟ್ಟದ ಮೇಲೆ ಜಾತ್ರೆಯಂತೆ ಸೇರಿದ ಜನರ ಚಿತ್ರಗಳು ನಾಡಿನಲ್ಲೆಲ್ಲ ಹರಿದಾಡಿದವು. ಆಮೇಲೆ ಆನ್‌ಲೈನ್ ಬುಕಿಂಗ್ ಬಂತು, ದಿನಕ್ಕೆ 300 ಜನರ ಮಿತಿ ಬಂತು. ಅದು ಬೇಕಾಗಿಯೇ ಇತ್ತು. ಆದರೆ ಮಿತಿಯನ್ನು ಮಣ್ಣು ಹೇಳಬೇಕು ಎಂಬುದು ನನ್ನ ವಾದ. ಮಳೆ ಬಿಟ್ಟ ಹೊಸತರ ಹಸಿ ನೆಲಕ್ಕೂ ಜನವರಿಯ ಗಟ್ಟಿ ನೆಲಕ್ಕೂ 300 ಜೊತೆ ಬೂಟುಗಳ ಭಾರ ಒಂದೇ ಅಲ್ಲ. ಈ ಬೆಟ್ಟವಿರುವ ಪುಷ್ಪಗಿರಿ ವನ್ಯಜೀವಿಧಾಮ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲೊಂದು. ಕೆಳಗೆ ಕುಕ್ಕೆಯಲ್ಲಿ ಭಕ್ತರು ಮೀಯುವ ಕುಮಾರಧಾರೆ ಹುಟ್ಟುವುದೂ ಇಲ್ಲೇ. ಹುಲ್ಲೂ ಶೋಲಾ ಕಾಡೂ ಹಿಡಿದಿಟ್ಟ ಮಳೆನೀರೇ ಬೇಸಿಗೆಯಲ್ಲಿ ತೊರೆಯಾಗಿ ಜಿನುಗುತ್ತದೆ.

ಕಾಡ್ಗಿಚ್ಚಿನ ಮುಂದೆ ಚಾರಣಿಗರ ಕಾಲ್ತುಳಿತ ಯಾವ ಲೆಕ್ಕ ಎನ್ನುವವರಿದ್ದಾರೆ. ಬೆಂಕಿಯ ಹಾನಿ ದೊಡ್ಡದೇ. ಆದರೆ ಸುಟ್ಟ ಹುಲ್ಲು ಬೇರಿದ್ದರೆ ಮುಂದಿನ ಮಳೆಗೆ ಚಿಗುರೀತು; ಬೇರಿನ ಸಮೇತ ಮಣ್ಣೇ ಕೊಚ್ಚಿಹೋದಲ್ಲಿ ಏನು ಚಿಗುರಬೇಕು? ಊರಿನವರ ಅನ್ನದ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು. ಜೀಪು ಓಡಿಸುವವರು, ಊಟ ಹಾಕುವ ಮನೆಗಳು ಚಾರಣಿಗರನ್ನೇ ನಂಬಿವೆ. ಆದರೆ ಶನಿವಾರ ಭಾನುವಾರ ನುಗ್ಗಿ ಉಳಿದ ಐದು ದಿನ ಖಾಲಿ ಬಿಡುವ ಗುಂಪಿಗಿಂತ, ವಾರವಿಡೀ ಹಂಚಿ ಬರುವ ಜನ ಅವರಿಗೂ ಮೇಲು. ಇನ್ನು, ಮೊಬೈಲು, ದುಡ್ಡು ಇದ್ದವರಿಗಷ್ಟೇ ಬೆಟ್ಟವೇ ಎಂಬ ಆಕ್ಷೇಪ. ಅದು ನ್ಯಾಯವಾದದ್ದೇ, ಸುತ್ತಲಿನ ಹಳ್ಳಿಯವರಿಗೆ ಸ್ಥಳದಲ್ಲೇ ಚೀಟಿ ಸಿಗಬೇಕು. ಸರದಿ ಕಾಯುವುದನ್ನು ಮಾತ್ರ ಅನ್ಯಾಯವೆನ್ನಲಾರೆ. ಇದೇ ಕುಕ್ಕೆಯಲ್ಲಿ ಸರ್ಪಸಂಸ್ಕಾರಕ್ಕೆ ಭಕ್ತರು ಮುಂಚೆಯೇ ಹೆಸರು ಬರೆಸಿ ತಮ್ಮ ದಿನಕ್ಕಾಗಿ ಕಾಯುತ್ತಾರೆ.

ತುದಿಗೆ ಮುಂಚೆ ಸಿಗುವ ಶೇಷಪರ್ವತ ದಾಟಿ ಇಳಿದರೆ ಶೋಲಾ ಕಾಡಿನ ನೆರಳು. ಅಷ್ಟೇ ಜನ ಇಲ್ಲೂ ನಡೆಯುತ್ತಾರೆ, ಆದರೆ ದಾರಿ ಮತ್ತೆ ಒಂದೇ ಎಳೆಯಾಗುತ್ತದೆ. ಎರಡೂ ಬದಿಗೆ ಪಾಚಿ ಕಟ್ಟಿದ ಕಾಂಡಗಳು. ಪಕ್ಕಕ್ಕೆ ಕಾಲಿಡಲು ಜಾಗವಿಲ್ಲ. ಹುಲ್ಲುಬೆಟ್ಟದ ಏರಿನಲ್ಲಿ ಈ ಮರಗಳ ಕೆಲಸವನ್ನು ಕಲ್ಲಿನ ಅಂಚುಗಟ್ಟೆ ಮಾಡಬಲ್ಲದು.