ಕಿವಿಯೊಳಗಿನ ಮೀನು

ಆಟವೆಂದರೆ ಯಾರಿಗೆ ತಾನೇ ಪ್ರೀತಿಯಿಲ್ಲ? ಚಿಣ್ಣಿದಾಂಡು, ಲಗೋರಿ, ಕಬಡ್ಡಿ ಆಡಿ ಬೆಳೆದವರೇ ನಾವೆಲ್ಲ. ಆದರೆ ನಾನಿಲ್ಲಿ ಹೇಳಹೊರಟಿರುವುದು ಮೈದಾನವಿಲ್ಲದ, ಚೆಂಡಿಲ್ಲದ, ಹುಟ್ಟಿದಾಗ ಒಂದು ಚಿತ್ರವೂ ಇರದಿದ್ದ ಆಟದ ವಿಷಯ.

ಕಳೆದ ವರ್ಷ ನಾನು 8ನೆಯ ತರಗತಿಯಲ್ಲಿದ್ದೆ. ದಸರಾ ರಜೆಗೆ ಮುಂಚಿನ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 20ಕ್ಕೆ 6 ಅಂಕ ಬಂದವು. ಅಪ್ಪ ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ಹೋಗುತ್ತಾರೆ. ಆ ದಿನ ಮೈತುಂಬ ಕಲ್ಲಿನ ಪುಡಿ ಹೊತ್ತು ಬಂದವರು ಅಂಕಪಟ್ಟಿ ನೋಡಿ, “ಮುಂದಿನ ವರ್ಷ ಇಂಗ್ಲಿಷ್ ಮೀಡಿಯಂಗೆ ಹಾಕ್ತೀನಿ. ಕನ್ನಡದಾಗ ಓದಿ ಏನ್ ಮಾಡ್ತಿ?” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಇಂಗ್ಲಿಷ್ ನನ್ನ ತಲೆಗೆ ಹತ್ತುವುದಿಲ್ಲವೆಂದು ನಾನೇ ನಂಬಿಬಿಟ್ಟಿದ್ದೆ.

ರಜೆಗೆ ನಾರಾಯಣಖೇಡದ ಹತ್ತಿರ ಆಯಿಯ ಮನೆಗೆ ಹೋದೆ. ಅಜ್ಜಿಯನ್ನು ನಾವು ಆಯಿ ಎನ್ನುತ್ತೇವೆ. ಜಹೀರಾಬಾದಿನಲ್ಲಿ ನೌಕರಿ ಮಾಡುವ ಮಾಮಾ ಹಬ್ಬಕ್ಕೆ ಬಂದವರು ತಮ್ಮ ಹಳೆಯ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟು, “ಇದನ್ನು ಆಡು, ಇಂಗ್ಲಿಷಿನ ಅಂಜಿಕೆ ಹೋಗ್ತದ” ಎಂದರು. ಆಟದ ಹೆಸರು ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’. ಇಂಗ್ಲೆಂಡಿನ ಹಾಸ್ಯ ಲೇಖಕ ಡಗ್ಲಸ್ ಆಡಮ್ಸ್ 1978ರಲ್ಲಿ ಬಿ.ಬಿ.ಸಿ. ರೇಡಿಯೋಗೆ ಬರೆದ ನಗೆಯ ಕಥೆಯಿದು. 1979ರಲ್ಲಿ ಪುಸ್ತಕವಾಯಿತು. 1984ರಲ್ಲಿ ಅಮೆರಿಕದ ಇನ್ಫೋಕಾಂ ಸಂಸ್ಥೆಗಾಗಿ ಅವರೂ ಸ್ಟೀವ್ ಮೆರೆಟ್ಸ್‌ಕಿಯವರೂ ಕೂಡಿ ಅದನ್ನು ಗಣಕಯಂತ್ರದ ಆಟವಾಗಿಸಿದರು. ಯಂತ್ರವು ಕಥೆಯನ್ನು ಅಕ್ಷರಗಳಲ್ಲಿ ಹೇಳುತ್ತದೆ. ಮುಂದೇನು ಮಾಡಬೇಕೆಂದು ನಾವು ಚಿಕ್ಕ ಇಂಗ್ಲಿಷ್ ವಾಕ್ಯದಲ್ಲಿ ಬೆರಳಚ್ಚು ಮಾಡಬೇಕು. ಇಷ್ಟೇ ಆಟ.

ಕಥಾನಾಯಕ ಆರ್ಥರ್ ಡೆಂಟ್ ಕತ್ತಲೆ ಕೋಣೆಯಲ್ಲಿ ತಲೆನೋವಿನೊಡನೆ ಎಚ್ಚರಗೊಳ್ಳುತ್ತಾನೆ. ಹೊರಗೆ, ರಸ್ತೆ ಮಾಡಲು ಅವನ ಮನೆ ಕೆಡವಬೇಕೆಂದು ಬುಲ್ಡೋಜರ್ ಬಂದು ನಿಂತಿದೆ. ಅಷ್ಟರಲ್ಲಿ ಆಕಾಶದಲ್ಲೂ ರಸ್ತೆ ಮಾಡುವವರು ಬಂದು ಭೂಮಿಯನ್ನೇ ಕೆಡವಿಬಿಡುತ್ತಾರೆ! ಮೊದಲ ದಿನ ನಾನು ಮನೆಯಿಂದ ಹೊರಗೇ ಬರಲಾರದೆ ಏಳು ಸಲ ಸತ್ತೆ. ಸತ್ತಾಗಲೆಲ್ಲ ಯಂತ್ರ ತಮಾಷೆ ಮಾಡುತ್ತಿತ್ತು, ಬೈಯುತ್ತಿರಲಿಲ್ಲ. ತಪ್ಪು ಮಾಡಿ ನಗುವುದು ನನಗೆ ಹೊಸ ಅನುಭವವಾಗಿತ್ತು.

“ಒಬ್ಬನೇ ಯಾಕ ನಗ್ಲಕತ್ತಿ?” ಎಂದು ಆಯಿ ಪಕ್ಕದಲ್ಲಿ ಬಂದು ಕುಳಿತಳು. ಅಂದಿನಿಂದ ನಾನು ಒಂದೊಂದು ವಾಕ್ಯವನ್ನೂ ನಿಘಂಟು ನೋಡಿ ಬಿಡಿಸಿ, ಕನ್ನಡದಲ್ಲಿ ಹೇಳತೊಡಗಿದೆ. ಆಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಸಂತೆಯಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕರಲ್ಲೂ ಚೌಕಾಸಿ ಮಾಡಬಲ್ಲಳು.

ಈ ಆಟದಲ್ಲಿ ಬಾಬೆಲ್ ಮೀನು ಎಂಬುದೊಂದಿದೆ. ಅದನ್ನು ಕಿವಿಯಲ್ಲಿಟ್ಟುಕೊಂಡರೆ ಯಾವ ಲೋಕದ ಭಾಷೆಯಾದರೂ ತಿಳಿಯುತ್ತದೆ. ಒಂದು ಯಂತ್ರದ ಗುಂಡಿ ಒತ್ತಿದರೆ ಮೀನು ಹೊರಬರುತ್ತದೆ, ಆದರೆ ಹಾರಿಹೋಗಿ ಗೋಡೆಯ ತೂತಿನಲ್ಲಿ ಮಾಯವಾಗುತ್ತದೆ. “ತೂತಿಗೆ ಬಟ್ಟಿ ಅಡ್ಡ ಹಾಕು” ಎಂದಳು ಆಯಿ. ತೂತಿನ ಮೇಲಿದ್ದ ಕೊಕ್ಕೆಗೆ ನಿಲುವಂಗಿ ತೂಗುಹಾಕಿದೆ. ಮೀನು ಅದಕ್ಕೆ ಬಡಿದು ಜಾರಿ ಮೋರಿಗೆ ಬಿತ್ತು. ಮೋರಿಯ ಮೇಲೆ ಟವೆಲ್ ಹಾಸಿದೆ. ಕಸ ಗುಡಿಸುವ ರೋಬೋಟ್ ಓಡಿ ಬಂದು ಮೀನನ್ನು ಎತ್ತಿಕೊಂಡು ಹೋಯಿತು. ಅದರ ಬಾಗಿಲಿಗೆ ಚೀಲ ಅಡ್ಡವಿಟ್ಟೆ. ಡಿಕ್ಕಿ ಹೊಡೆದು ಮೀನು ಮೇಲಕ್ಕೆ ಚಿಮ್ಮಿತು. ಗಾಳಿಯಲ್ಲಿ ಗುಡಿಸುವ ಇನ್ನೊಂದು ರೋಬೋಟ್ ಅದನ್ನು ಹಿಡಿದುಕೊಂಡಿತು!

ಎರಡು ದಿನ ಅಲ್ಲಿಯೇ ನಿಂತೆವು. ಮೂರನೆಯ ದಿನ ಆಯಿ ಜೋಳ ಹಸನು ಮಾಡುತ್ತ ಹೇಳಿದಳು: “ಕಸ ಹೊಡಿಯೋರಿಗಿ ಇನ್ನಷ್ಟು ಕಸ ಹಾಕು. ಅವು ಅದರಾಗೇ ಇರ್ತಾವ.” ಚೀಲದ ಮೇಲೆ ರದ್ದಿ ಕಾಗದವಿಡಬೇಕಿತ್ತು! ಆದರೆ ರದ್ದಿ ಎಲ್ಲಿದೆ? ಆಟದ ಆರಂಭದಲ್ಲಿ ಆರ್ಥರನ ಬಾಗಿಲ ಮುಂದೆ ಬಿದ್ದಿದ್ದ ಟಪಾಲನ್ನು ನಾನು ಕೆಲಸಕ್ಕೆ ಬಾರದೆಂದು ಬಿಟ್ಟು ಬಂದಿದ್ದೆ. ಭೂಮಿಯೇ ಉಳಿದಿರಲಿಲ್ಲ, ಹಿಂದಕ್ಕೆ ಹೋಗುವುದೆಲ್ಲಿಗೆ? ಮತ್ತೆ ಮೊದಲಿನಿಂದ ಆಡಿದೆ. ಟಪಾಲು ಎತ್ತಿಕೊಂಡೆ. ಕಾಗದಗಳು ಹಾರಿದವು, ರೋಬೋಟ್ ಅವನ್ನು ಆಯುವುದರಲ್ಲಿ ಮಗ್ನವಾಯಿತು, ಮೀನು ನೇರವಾಗಿ ಕಿವಿಗೆ ಬಂದು ಬಿತ್ತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಓಡಿ ಬಂದರು.

ಆಗ ನನಗೆ ಹೊಳೆಯಿತು: ಆ ಮೂರು ದಿನ ಆಯಿಯ ಕಿವಿಯಲ್ಲಿದ್ದ ಮೀನು ನಾನೇ. ನಾನು ಬಾಗಿಲಲ್ಲಿ ಬಿಟ್ಟು ಹೋಗಲಿದ್ದ ಟಪಾಲು ನನ್ನ ಕನ್ನಡ. ಅದಿಲ್ಲದಿದ್ದರೆ ಆಯಿಯ ಬುದ್ಧಿ ಯಂತ್ರಕ್ಕೆ ಮುಟ್ಟುತ್ತಿರಲಿಲ್ಲ. ಯಂತ್ರದ ಇಂಗ್ಲಿಷೂ ನನಗೆ ಅರ್ಥವಾಗುತ್ತಿರಲಿಲ್ಲ.

ಆಡಮ್ಸ್ ತಮ್ಮ 49ನೆಯ ವಯಸ್ಸಿನಲ್ಲಿ, 2001ರಲ್ಲಿ ತೀರಿಕೊಂಡರು. ಆಟ ಉಳಿಯಿತು. 2004ರಲ್ಲಿ ಬಿ.ಬಿ.ಸಿ. ಅದನ್ನು ಚಿತ್ರಗಳೊಡನೆ ಅಂತರಜಾಲಕ್ಕೆ ತಂದಿತು. 30 ವರ್ಷ ತುಂಬಿದ 2014ರಲ್ಲಿ ಮತ್ತೊಮ್ಮೆ ತಂದಿತು. ಅದು ಹಳತಾಗದಿರಲು ಕಾರಣ, ನನಗೆ ತೋರುವಂತೆ, ಅದು ನಮ್ಮ ಒಗಟುಗಳ ಜಾತಿಗೆ ಸೇರಿದ್ದು. ಅದರಲ್ಲಿ ‘ಚಹಾ ಇಲ್ಲ’ ಎಂಬುದೂ ಕೈಯಲ್ಲಿರುವ ಒಂದು ವಸ್ತು! ಚಹಾ ಇರಬೇಕು, ‘ಚಹಾ ಇಲ್ಲ’ವೂ ಇರಬೇಕು, ಆಗ ಮಾತ್ರ ಒಂದು ಬಾಗಿಲು ತೆರೆಯುತ್ತದೆಂದು ಮಾಮಾ ಹೇಳಿದರು. ಅಲ್ಲಮನ ಬೆಡಗಿನ ವಚನಗಳನ್ನು ಕೇಳಿದ ನಾಡಿನವರಿಗೆ ಇದು ಅಪರಿಚಿತವೇನಲ್ಲ. ಬಸವಕಲ್ಯಾಣ ನಮಗೆ ದೂರವೇ?

ವಾರ್ಷಿಕ ಪರೀಕ್ಷೆಯಲ್ಲಿ ನಾನು ಇಂಗ್ಲಿಷಿಗೆ ಮೊದಲಿಗನಾಗಲಿಲ್ಲ, ಆದರೆ ಪಾಸಾದೆ. ಅಪ್ಪ ಅಂಕಪಟ್ಟಿಯನ್ನು ಎರಡು ಸಲ ನೋಡಿದರು. ಏನೂ ಹೇಳಲಿಲ್ಲ. ಜೂನ್ ತಿಂಗಳಲ್ಲಿ ಇದೇ ಶಾಲೆಯ 9ನೆಯ ತರಗತಿಗೆ ನೋಟುಬುಕ್ಕುಗಳನ್ನು ತಂದುಕೊಟ್ಟರು.

ಗೆಳೆಯರೇ, ಆಟವನ್ನು ನಾನಿನ್ನೂ ಮುಗಿಸಿಲ್ಲ. ಮುಂದಿನ ರಜೆಗೆ ಆಯಿ ಕಾಯುತ್ತಿದ್ದಾಳೆ.